ಹಳೆಯ ಮನೆಯ ನೆಲಮಾಳಿಗೆ: ಉಬ್ಬುತಗ್ಗಾದ ಕಾಂಕ್ರೀಟ್ ನೆಲಕ್ಕೆ ಯಾವ ದುರಸ್ತಿ ಸರಿ?

ನೆಲಮಾಳಿಗೆಯ ನೆಲ ಉಬ್ಬುತಗ್ಗಾಗಿದೆ ಎಂದ ಕೂಡಲೇ ಹೆಚ್ಚಿನವರ ತಲೆಯಲ್ಲಿ ಓಡುವುದು ಒಂದೇ ಯೋಚನೆ: ಇದರ ಮೇಲೆ ಏನು ಸುರಿಯೋಣ? ಅಂಗಡಿಗೆ ಹೋದರೆ ಸುರಿಯುವ ಸರಕಿಗೆ ಬರವಿಲ್ಲ. ಕಲಸಿ ಸುರಿದರೆ ತಾನೇ ಸಮವಾಗುವ ಸೆಲ್ಫ್ ಲೆವೆಲಿಂಗ್ ಪುಡಿ, ಓವರ್‌ಲೇ ಎಂಬ ತೆಳು ಮೇಲ್ಪದರ, ಎಪಾಕ್ಸಿ ಎಂಬ ಹೊಳೆಯುವ ರಾಳದ ಲೇಪ, ಅದೂ ಇದೂ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹಳೆಯ ನೆಲದ ಮೇಲೆ ಎಷ್ಟು ಕಡಿಮೆ ಹಾಕುತ್ತೀರೋ ಅಷ್ಟು ಒಳ್ಳೆಯದು. ಉಜ್ಜಿ ತೆಗೆದ ಉಬ್ಬು ಮತ್ತೆ ಬರುವುದಿಲ್ಲ. ಮೇಲೆ ಅಂಟಿಸಿದ ಪದರ ಮಾತ್ರ ಎಂದಾದರೂ ಏಳಬಹುದು, ಅದರಲ್ಲೂ ಕೆಳಗಿನಿಂದ ತೇವ ಬರುವ ನೆಲದಲ್ಲಿ.

ಹಳೆಯ ನೆಲಮಾಳಿಗೆಗಳನ್ನು ಹೆಚ್ಚಾಗಿ ವಾಸಕ್ಕೆಂದು ಕಟ್ಟಿಸಿದ್ದಲ್ಲ. ಸೌದೆ, ಕಲ್ಲಿದ್ದಲು, ಬೇಡದ ಸಾಮಾನು, ಬಾಯ್ಲರ್ ಇಡಲು ಒಂದು ಜಾಗ ಬೇಕಿತ್ತು ಅಷ್ಟೇ. ಮಣ್ಣನ್ನು ದಮ್ಮಸು ಮಾಡಿ, ಅದರ ಮೇಲೆ ಎರಡೋ ಮೂರೋ ಇಂಚು ಕಾಂಕ್ರೀಟು ಹಾಕಿ ಕೈತೊಳೆದುಕೊಂಡಿರುತ್ತಾರೆ. ಕೆಳಗೆ ಜಲ್ಲಿ ಇದ್ದರೆ ಪುಣ್ಯ. ತೇವ ತಡೆಯುವ ಪಾಲಿಥೀನ್ ಹಾಳೆ ಸಿಗುವುದು ಅಪರೂಪ. ಬಾಂಡ್ಲಿ ಬಾಂಡ್ಲಿಯಾಗಿ ಸುರಿದು ಕರಣೆಯಲ್ಲಿ ಎಳೆದದ್ದರಿಂದ ಉಬ್ಬುತಗ್ಗು ಆ ನೆಲಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ಮಣ್ಣು ಕುಸಿದು, ಇನ್ನೊಂದು ಕಡೆ ಪೈಪಿಗಾಗಿ ಅಗೆದು ಮುಚ್ಚಿ, ಅದಕ್ಕೊಂದು ತೇಪೆ ಬಿದ್ದಿರುತ್ತದೆ. ಇವೆಲ್ಲಕ್ಕೂ ಒಂದೇ ಮದ್ದು ಅನ್ನುವಂತಿಲ್ಲ.

ಅದು ತಗ್ಗೋ, ವಾಟವೋ?

ನೆಲದಲ್ಲಿ ನೀರು ಹೋಗುವ ಜಾಲರಿ ಇದೆಯೇ ನೋಡಿ. ಇದ್ದರೆ ಎದುರು ಗೋಡೆಯ ಹತ್ತಿರ ಅರ್ಧ ಬಕೆಟ್ ನೀರು ಚೆಲ್ಲಿ. ನೀರು ತಾನಾಗಿ ಜಾಲರಿಯತ್ತ ಹೊರಟರೆ ನಿಮ್ಮ ನೆಲ ಸೊಟ್ಟಗಾಗಿಲ್ಲ. ಕಟ್ಟಿದವರು ಬೇಕೆಂದೇ ವಾಟ ಕೊಟ್ಟಿದ್ದಾರೆ. ಅದನ್ನು ಮುಚ್ಚಿ ಮಟ್ಟ ಮಾಡಿದರೆ, ಮುಂದೊಂದು ದಿನ ಬಾಯ್ಲರೋ ಪೈಪೋ ಸೋರಿದಾಗ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. ಇಂಥ ನೆಲದಲ್ಲಿ ವಾಟವನ್ನು ಹಾಗೇ ಬಿಟ್ಟು, ನೀರು ನಿಲ್ಲುವ ಗುಂಡಿಗಳನ್ನಷ್ಟೇ ತುಂಬಿಸಬೇಕು. ಮೇಲೆ ಹಲಗೆಯೋ ಟೈಲೋ ಹಾಕುವವರೂ ಹೆದರಬೇಕಿಲ್ಲ. ಒಂದೇ ಸಮನೆ ಇಳಿಯುವ ನೆಲ ಅವುಗಳಿಗೆ ತೊಂದರೆ ಕೊಡುವುದಿಲ್ಲ, ನಡುವೆ ಬರುವ ಗುಂಡಿ ಗುಬ್ಬುಗಳೇ ತೊಂದರೆ ಕೊಡುವುದು.

ಆ ಗುಂಡಿ ಗುಬ್ಬು ಎಲ್ಲಿವೆ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು. ಎರಡು ಮೀಟರ್ ಉದ್ದದ, ಬಾಗದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ನೆಲದ ಮೇಲೆ ಮಲಗಿಸಿ. ಒಂದು ತುದಿ ಒತ್ತಿದಾಗ ಇನ್ನೊಂದು ತುದಿ ಎದ್ದರೆ ನಡುವೆ ಉಬ್ಬಿದೆ. ಪಟ್ಟಿಯ ಹಿಂದೆ ಟಾರ್ಚ್ ಹಿಡಿದಾಗ ಅಡಿಯಲ್ಲಿ ಬೆಳಕು ಕಂಡರೆ ಅಲ್ಲಿ ತಗ್ಗು. ಬೆಳಕು ಬಂದಲ್ಲಿ ಸ್ಕೇಲ್ ತೂರಿಸಿ ಅಳೆದು, ಸೀಮೆಸುಣ್ಣದಲ್ಲಿ ನೆಲದ ಮೇಲೇ ಅಂಕಿ ಬರೆಯುತ್ತ ಹೋಗಿ. ಕೋಣೆಯುದ್ದಕ್ಕೂ ಹೀಗೆ ಮಾಡಿ ಮುಗಿಸಿದಾಗ ನೆಲವೇ ನಕಾಶೆಯಾಗಿರುತ್ತದೆ: ಇಲ್ಲಿ ಉಬ್ಬು 12 ಮಿ.ಮೀ., ಅಲ್ಲಿ ತಗ್ಗು 7 ಮಿ.ಮೀ. ಹೀಗೆ. ಎಷ್ಟೋ ಸಲ ಇಡೀ ನೆಲ ಹಾಳಾಗಿದೆ ಎಂದುಕೊಂಡಿದ್ದು ಎರಡು ಉಬ್ಬು, ಒಂದು ಗುಂಡಿಗೆ ಬಂದು ನಿಲ್ಲುತ್ತದೆ.

ಎಷ್ಟು ಸಮವಾದರೆ ಸಾಕು ಎನ್ನುವುದು ಮೇಲೆ ಏನು ಬರುತ್ತದೆ ಎಂಬುದರ ಮೇಲೆ ನಿಂತಿದೆ. ಒಂದಕ್ಕೊಂದು ಕೊಕ್ಕೆ ಹಾಕಿ ಕೂರಿಸುವ ಹಲಗೆಗಳಿಗೆ ಮೂರು ಮೀಟರ್ ಉದ್ದದಲ್ಲಿ 5 ಮಿ.ಮೀ. ಒಳಗಿನ ವ್ಯತ್ಯಾಸ ನಡೆಯುತ್ತದೆ. ದೊಡ್ಡ ಟೈಲುಗಳಿಗೆ ಅದೇ ಉದ್ದದಲ್ಲಿ 3 ಮಿ.ಮೀ. ದಾಟಬಾರದು, ದಾಟಿದರೆ ಅಂಚುಗಳು ಒಂದಕ್ಕೊಂದು ಏಣಾಗಿ ನಿಲ್ಲುತ್ತವೆ. ರಬ್ಬರ್ ಮ್ಯಾಟ್ ಹಾಸಿ ವ್ಯಾಯಾಮದ ಸಾಮಾನು ಇಡುವವರಿಗೆ, ಕಪಾಟು ಇಡುವವರಿಗೆ ಈ ಲೆಕ್ಕವೇ ಬೇಡ.

ತೇವ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಮುಂದಿನ ಆಯ್ಕೆಗಳಲ್ಲಿ ಅರ್ಧದಷ್ಟನ್ನು ತೇವವೇ ತೀರ್ಮಾನಿಸುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಕಾಂಕ್ರೀಟು ಮಣ್ಣಿನ ನೀರನ್ನು ಮೇಲಕ್ಕೆಳೆಯುತ್ತದೆ. ನೆಲ ಬರಿದಾಗಿದ್ದಾಗ ಆ ನೀರು ಆವಿಯಾಗಿ ಹೋಗುತ್ತಿತ್ತು, ಯಾರ ಗಮನಕ್ಕೂ ಬರುತ್ತಿರಲಿಲ್ಲ. ಮೇಲೆ ಉಸಿರಾಡದ ಪದರ ಬಿದ್ದ ದಿನದಿಂದ ಅದು ಅಡಿಯಲ್ಲೇ ಸಿಕ್ಕಿಕೊಂಡು, ಪದರವನ್ನು ತಳ್ಳಲು ಶುರುಮಾಡುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಸುಲಭ. 18 ಇಂಚು ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಕಡಿಮೆಯೆಂದರೆ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ, ಕಾಂಕ್ರೀಟಿನ ಬಣ್ಣ ಕಪ್ಪಿಟ್ಟಿದ್ದರೆ ತೇವ ಕೆಳಗಿನಿಂದ ಬರುತ್ತಿದೆ. ಹನಿ ಹಾಳೆಯ ಮೇಲೆ ಕಂಡರೆ ಅದು ಕೋಣೆಯ ಗಾಳಿಯ ತೇವ, ತಣ್ಣನೆಯ ನೆಲಕ್ಕೆ ತಾಗಿ ನೀರಾದದ್ದು. ಅದಕ್ಕೆ ಗಾಳಿಯ ತೇವ ಇಳಿಸುವ ಯಂತ್ರ ಬೇಕು, ನೆಲದ ದುರಸ್ತಿಯಲ್ಲ. ಒಂದೇ ಕಡೆ ನೋಡಿ ಸುಮ್ಮನಾಗಬೇಡಿ. ಗೋಡೆಯ ಬದಿ, ನಡುಭಾಗ, ಬಿರುಕಿನ ಹತ್ತಿರ ಬೇರೆ ಬೇರೆ ಹಾಳೆ ಅಂಟಿಸಿ, ಅದೂ ಮಳೆ ಬೀಳುವ ಕಾಲದಲ್ಲಿ. ಬೇಸಿಗೆಯಲ್ಲಿ ಒಣಗಿದ್ದ ನೆಲ ಯಾವ ಭರವಸೆಯನ್ನೂ ಕೊಡುವುದಿಲ್ಲ. ಈ ಪರೀಕ್ಷೆ ತೇವ ಇದೆ ಎಂದು ಹೇಳುತ್ತದೆಯೇ ಹೊರತು ಎಷ್ಟಿದೆ ಎಂದು ಹೇಳುವುದಿಲ್ಲ. ದುಬಾರಿ ಮರವನ್ನೋ ಎಪಾಕ್ಸಿಯನ್ನೋ ಹಾಕಿಸುವುದಿದ್ದರೆ, ಕಾಂಕ್ರೀಟ್ ಚಪ್ಪಡಿಯ ದಪ್ಪದ ಶೇ 40ರಷ್ಟು ಆಳಕ್ಕೆ ರಂಧ್ರ ಕೊರೆದು ಒಳಗಿನ ಆರ್ದ್ರತೆ ಅಳೆಯುವ ಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನು ಸರಕಿನ ಕಂಪನಿ ಹಾಕಿರುವ ಮಿತಿಯೊಂದಿಗೆ ಹೋಲಿಸಿ.

ನೆಲದ ಮೇಲೆ ಹಿಟ್ಟು ಉದುರಿದಂಥ ಬಿಳಿ ಪುಡಿ ಕಂಡರೆ ಪರೀಕ್ಷೆಯೂ ಬೇಕಿಲ್ಲ. ಕೆಳಗಿನಿಂದ ಬಂದ ನೀರು ಆವಿಯಾಗಿ, ತಂದ ಉಪ್ಪನ್ನು ಮೇಲೆ ಬಿಟ್ಟು ಹೋಗಿದೆ.

ತೇವ ಸಿಕ್ಕರೆ ಮೊದಲು ಮನೆಯಾಚೆ ಒಂದು ಸುತ್ತು ಹಾಕಿ. ಮಳೆನೀರಿನ ಕೊಳವೆ ಗೋಡೆಯ ಬುಡಕ್ಕೇ ಸುರಿಯುತ್ತಿದೆಯೇ? ಅಂಗಳದ ಮಣ್ಣು ಮನೆಯ ಕಡೆಗೇ ಇಳಿಜಾರಾಗಿದೆಯೇ? ಎರಡನ್ನೂ ಸರಿಮಾಡಲು ಹೆಚ್ಚು ಖರ್ಚಿಲ್ಲ, ಮತ್ತು ಒಳಗೆ ಏನೇ ಸುರಿದರೂ ಸಿಗದ ಫಲ ಅದರಿಂದ ಸಿಗುವುದುಂಟು.

ಯಂತ್ರ ಮುಟ್ಟುವ ಮೊದಲು

ಹಳೆಯ ನೆಲದ ಮೇಲೆ 9 ಇಂಚು ಚೌಕದ ಗಟ್ಟಿ ಟೈಲು, ಇಲ್ಲವೇ ಅದನ್ನು ಕಿತ್ತ ಮೇಲೆ ಉಳಿದ ಕಪ್ಪು ಅಂಟು ಇದ್ದರೆ ಉಜ್ಜಬೇಡಿ, ಕೆರೆಯಬೇಡಿ. ಎರಡರಲ್ಲೂ, ಧೂಳಾದರೆ ಶ್ವಾಸಕೋಶಕ್ಕೆ ಹಾನಿ ಮಾಡುವ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಚೂರೊಂದನ್ನು ಪ್ರಯೋಗಾಲಯಕ್ಕೆ ಕಳಿಸಿ ಗೊತ್ತುಮಾಡಿಕೊಂಡ ಮೇಲೆಯೇ ಮುಂದಿನ ಮಾತು. ಇದೆ ಎಂದಾದರೆ ಅದನ್ನು ಕಿತ್ತು ತೆಗೆಯುವುದು ಪರಿಣತರ ಕೆಲಸ. ಕೆಡಿಸದೆ ಮೇಲೆ ಮುಚ್ಚುವ ದಾರಿಯೂ ಉಂಟು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದಕ್ಕೂ ಇದೇ ಎಚ್ಚರಿಕೆ.

ಸುತ್ತಿಗೆಯ ಹಿಡಿಯಿಂದ ನೆಲವನ್ನೆಲ್ಲ ತಟ್ಟುತ್ತ ಬನ್ನಿ. ಟೊಳ್ಳು ಸದ್ದು ಬಂದ ಕಡೆ ಹಳೆಯ ತೇಪೆ ಬಿಟ್ಟುಕೊಂಡಿದೆ, ಇಲ್ಲವೇ ಅಡಿಯ ಮಣ್ಣು ಜಾರಿದೆ. ಬಿರುಕುಗಳಲ್ಲಿ ಕೂದಲೆಳೆಯಂಥವು ಕಾಂಕ್ರೀಟು ಒಣಗುವಾಗ ಬಂದವು, ಅವನ್ನು ಮರೆಯಬಹುದು. ಬಿರುಕಿನ ಒಂದು ದಡ ಇನ್ನೊಂದಕ್ಕಿಂತ ಎತ್ತರವಾಗಿದ್ದರೆ ಅಥವಾ ಪೆನ್ಸಿಲಿನಲ್ಲಿ ಹಾಕಿದ ಗುರುತು ಕೆಲ ತಿಂಗಳಲ್ಲಿ ಸರಿದಿದ್ದರೆ ನೆಲ ಇನ್ನೂ ಅಲುಗಾಡುತ್ತಿದೆ. ಅಲುಗುವ ಬಿರುಕಿನ ಮೇಲೆ ಯಾವ ಪದರ ಹಾಕಿದರೂ ಅದೇ ಗೆರೆಯಲ್ಲಿ ಸೀಳುತ್ತದೆ.

ಉಜ್ಜಿ ತೇಪೆ ಹಾಕುವುದು

ನನ್ನ ಮೊದಲ ಆಯ್ಕೆ ಇದು. ಕೈಯಲ್ಲಿ ಹಿಡಿಯುವ ಆಂಗಲ್ ಗ್ರೈಂಡರಿಗೆ ಕಾಂಕ್ರೀಟು ಉಜ್ಜುವ ಡೈಮಂಡ್ ಕಪ್ ಚಕ್ರ ಹಾಕಿ ಉಬ್ಬು ಇಳಿಸುವುದು, ಗುಂಡಿಗಳಿಗೆ ಸಿಮೆಂಟು ಆಧಾರಿತ ತೇಪೆಯ ಗಾರೆ ತುಂಬುವುದು. ನೆಲದ ಎತ್ತರ ಬದಲಾಗುವುದಿಲ್ಲ, ಬಾಗಿಲು ಕತ್ತರಿಸಬೇಕಿಲ್ಲ, ವಾಟ ಹಾಳಾಗುವುದಿಲ್ಲ, ತೇವದ ದಾರಿಯೂ ಮುಚ್ಚುವುದಿಲ್ಲ. ಇಡೀ ಕೋಣೆಯೇ ಅಲೆಅಲೆಯಾಗಿದ್ದರೆ ಮಾತ್ರ ಕೈಯಂತ್ರ ಸಾಲದು, ನಿಂತು ಓಡಿಸುವ ದೊಡ್ಡ ಗ್ರೈಂಡರ್ ಬಾಡಿಗೆಗೆ ತರಬೇಕು.

ಧೂಳಿನ ಮಾತು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ, ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಕಾರಣ ಅದೇ. ಚಕ್ರದ ಸುತ್ತ ಧೂಳು ತಡೆಯುವ ಮುಸುಕು, ಅದಕ್ಕೆ ಜೋಡಿಸಿದ, ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್, ಮುಖಕ್ಕೆ ಸರಿಯಾಗಿ ಕೂರುವ ರೆಸ್ಪಿರೇಟರ್, ಈ ಮೂರೂ ಇಲ್ಲದೆ ನೆಲಮಾಳಿಗೆಯಂಥ ಮುಚ್ಚಿದ ಜಾಗದಲ್ಲಿ ಯಂತ್ರ ಹಚ್ಚಲೇಬಾರದು. ಮೂಗಿಗೆ ಕಟ್ಟಿದ ಕರವಸ್ತ್ರ ಲೆಕ್ಕಕ್ಕಿಲ್ಲ.

ಚಪ್ಪಡಿ ತೆಳುವಾಗಿದ್ದರೆ ಉಜ್ಜುವುದಕ್ಕೂ ಮಿತಿಯಿದೆ. ಎರಡಿಂಚಿನ ನೆಲದಲ್ಲಿ ಅರ್ಧ ಇಂಚಿಗಿಂತ ಹೆಚ್ಚು ತೆಗೆಯಲು ನಾನಂತೂ ಒಪ್ಪುವುದಿಲ್ಲ.

ಸೆಲ್ಫ್ ಲೆವೆಲಿಂಗ್ ಪದರ

ಸಿಮೆಂಟು, ನುಣುಪು ಮರಳು, ಪಾಲಿಮರ್, ಹರಿಯುವ ಗುಣ ಕೊಡುವ ರಾಸಾಯನಿಕ ಇವೆಲ್ಲ ಸೇರಿದ ಪುಡಿ. ನೀರು ಬೆರೆಸಿ ಸುರಿದರೆ ಹರಡಿಕೊಂಡು ಗಟ್ಟಿಯಾಗುತ್ತದೆ. ಇಡೀ ಕೋಣೆಯಲ್ಲಿ ಸಣ್ಣಪುಟ್ಟ ಏರಿಳಿತಗಳಿದ್ದು, ನೆಲ ಒಣಗಿದ್ದು, ಮೇಲೆ ಟೈಲೋ ಹಲಗೆಯೋ ಬರುವುದಾದರೆ ಇದನ್ನು ಮೀರಿಸುವ ವಿಧಾನವಿಲ್ಲ.

ಆದರೆ ಲೆಕ್ಕ ಹಾಕದೆ ಹೊರಟರೆ ಕೈ ಸುಡುತ್ತದೆ. ಒಂದು ಚದರ ಮೀಟರಿಗೆ 1 ಮಿ.ಮೀ. ದಪ್ಪಕ್ಕೆ ಒಂದು ಲೀಟರ್ ಮಿಶ್ರಣ ಬೇಕು. 20 ಚದರ ಮೀಟರಿನ ಕೋಣೆಗೆ ಸರಾಸರಿ 8 ಮಿ.ಮೀ. ಎಂದರೆ 160 ಲೀಟರ್. 25 ಕೆ.ಜಿ. ಚೀಲದಿಂದ ಸುಮಾರು 15 ಲೀಟರ್ ಬರುತ್ತದೆ ಎಂದುಕೊಂಡರೆ 11 ಚೀಲ. ಈಗ ಅದೇ ಕೋಣೆಯ ನಡುವೆ, ಮಿಕ್ಕ ನೆಲಕ್ಕಿಂತ 10 ಮಿ.ಮೀ. ಎತ್ತರದ ಒಂದೇ ಒಂದು ಉಬ್ಬು ಇದೆ ಅನ್ನಿ. ಅದು ಮುಳುಗಬೇಕೆಂದರೆ ಇಡೀ ಕೋಣೆಯ ನೆಲವೇ ಅಷ್ಟು ಏರಬೇಕು: ಇನ್ನೂ 200 ಲೀಟರ್, 13-14 ಚೀಲ. ಆ ಉಬ್ಬನ್ನು ಗ್ರೈಂಡರಿನಲ್ಲಿ ಇಳಿಸಲು ಹೋಗುವುದು ಒಂದು ಬೆಳಗು. ಸುರಿಯುವ ಮೊದಲು ಉಜ್ಜಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕೆಲಸ ಕೆಡುವುದು ಹೆಚ್ಚಾಗಿ ಸುರಿಯುವಾಗಲ್ಲ, ಅದಕ್ಕೂ ಮೊದಲೇ. ಹಳೆಯ ಬಣ್ಣ, ಎಣ್ಣೆ, ಮೇಣ, ಸೀಲರ್ ಎಲ್ಲ ಹೋಗಬೇಕು. ನೆಲದ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ: ಹೀರಿಕೊಂಡರೆ ಸರಿ, ಮುತ್ತಿನಂತೆ ನಿಂತರೆ ಇನ್ನೂ ಉಜ್ಜುವುದಿದೆ. ಆಮೇಲೆ ಪ್ರೈಮರ್. ಪ್ರೈಮರ್ ಇಲ್ಲದಿದ್ದರೆ ಹಳೆಯ ಕಾಂಕ್ರೀಟು ಮಿಶ್ರಣದ ನೀರನ್ನು ಹೀರಿಬಿಡುತ್ತದೆ, ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬಂದು ಸೂಜಿ ಚುಚ್ಚಿದಂಥ ತೂತು ಬಿಡುತ್ತದೆ, ಹಿಡಿತವೂ ಸಿಗುವುದಿಲ್ಲ. ಬಿರುಕುಗಳನ್ನೂ ಗೋಡೆಯ ಬುಡದ ಸಂದುಗಳನ್ನೂ ಮುಚ್ಚಿ. ಈ ಮಿಶ್ರಣ ನೀರಿನಂತೆ ಹರಿದು ಹೋಗುವಂಥದ್ದು. ಗೋಡೆಯುದ್ದಕ್ಕೂ ತೆಳು ಫೋಮ್ ಪಟ್ಟಿ ಅಂಟಿಸಿ, ಜಾಲರಿಯ ಸುತ್ತ ಒಡ್ಡು ಕಟ್ಟಿ. ಒಡ್ಡು ಮರೆತರೆ ಚರಂಡಿಯ ಪೈಪೇ ಕಾಂಕ್ರೀಟಾಗುತ್ತದೆ.

ಸುರಿಯುವ ದಿನ ಕಡಿಮೆಯೆಂದರೆ ಮೂವರು ಬೇಕು. ಕಲಸಿದ ಮಿಶ್ರಣ ಕೈಯಲ್ಲಿ ಆಡುವುದು 10ರಿಂದ 20 ನಿಮಿಷ. ಒಬ್ಬರು ನೀರು ಅಳೆದು ಡ್ರಿಲ್ಲಿಗೆ ಹಾಕಿದ ಕಲಸುವ ಕಡ್ಡಿಯಿಂದ ಕಲಸುತ್ತಲೇ ಇರಬೇಕು, ಇನ್ನೊಬ್ಬರು ಬಕೆಟ್ ಸಾಗಿಸಬೇಕು, ಮತ್ತೊಬ್ಬರು ಹಲ್ಲಿನ ಕುಂಟೆಯಿಂದ ಎಳೆದು ಮುಳ್ಳಿನ ರೋಲರ್ ಆಡಿಸಬೇಕು. ಹಿಂದಿನ ಬಕೆಟ್ ಇನ್ನೂ ಹಸಿಯಾಗಿರುವಾಗಲೇ ಮುಂದಿನದು ಅದರ ಅಂಚಿಗೆ ಬಿದ್ದರೆ ಎರಡೂ ಒಂದಾಗುತ್ತವೆ. ಮೇಲೆ ಕೆನೆ ಕಟ್ಟಿದ ಮೇಲೆ ಬಿದ್ದರೆ ಅಲ್ಲೊಂದು ಗೆರೆ ಖಾಯಂ. ಸಲೀಸಾಗಿ ಹರಿಯಲೆಂದು ಒಂದು ಲೋಟ ನೀರು ಜಾಸ್ತಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಕಿದರೆ ಮರಳು ತಳಕ್ಕಿಳಿದು, ಮೇಲೆ ಉಗುರಿಗೆ ಕೀಳುವಂಥ ಪುಡಿ ಪದರ ಉಳಿಯುತ್ತದೆ.

ಕೊಳ್ಳುವಾಗ ಎರಡು ವಿಷಯ ಓದಿ. ಜಿಪ್ಸಂ ಆಧಾರಿತ ಪುಡಿಯೋ ಸಿಮೆಂಟಿನದೋ? ನೆಲಮಾಳಿಗೆಗೆ ಸಿಮೆಂಟಿನದೇ ಆಗಬೇಕು, ಜಿಪ್ಸಂ ತೇವಕ್ಕೆ ಮೆತ್ತಗಾಗುತ್ತದೆ. ಮೇಲೆ ಇನ್ನೊಂದು ಹಾಸು ಬರಲೇಬೇಕಾದ ಜಾತಿಯೋ, ಹಾಗೇ ನಡೆದಾಡಬಹುದಾದದ್ದೋ? ಅಂಗಡಿಯಲ್ಲಿ ಸುಲಭವಾಗಿ ಸಿಗುವವು ಹೆಚ್ಚಾಗಿ ಮೊದಲಿನ ಜಾತಿಯವು. ಅವನ್ನು ಬರಿದೇ ಬಿಟ್ಟರೆ ಕುರ್ಚಿಯ ಕಾಲಿಗೆ ಗೀರು ಬಿದ್ದು ಪುಡಿಯೇಳುತ್ತವೆ.

ತೆಳು ಓವರ್‌ಲೇ ಮತ್ತು ಎಪಾಕ್ಸಿ

ಇವೆರಡನ್ನು ಒಟ್ಟಿಗೆ ಹೇಳುತ್ತೇನೆ, ಏಕೆಂದರೆ ಎರಡೂ ನೆಲವನ್ನು ಸಮ ಮಾಡುವುದಿಲ್ಲ. ಪಾಲಿಮರ್ ಬೆರೆತ ಸಿಮೆಂಟಿನ ತೆಳು ಪದರವನ್ನು ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಕರಣೆಯಲ್ಲಿ ಎಳೆಯುತ್ತಾರೆ. ಗಾಯ, ಕಲೆ, ತೇಪೆಯ ಗುರುತು ಮರೆಯಾಗಿ ನೆಲ ಒಂದೇ ಬಣ್ಣಕ್ಕೆ ಬರುತ್ತದೆ, ಆದರೆ ಉಬ್ಬು ಉಬ್ಬಾಗಿಯೇ ಇರುತ್ತದೆ. ಉಜ್ಜಿ ತೇಪೆ ಹಾಕಿದ ಮೇಲೆ ನೋಟಕ್ಕಾಗಿ ಹಾಕುವುದಾದರೆ ಚೆನ್ನ.

ಎಪಾಕ್ಸಿಯ ಹೊಳಪಿಗೆ ಸೋಲದವರು ಕಡಿಮೆ. ಮಾಮೂಲಿ ಕೋಟಿಂಗು ಒಂದು ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲ. ಹೊಳೆಯುವ ಮೈಯಲ್ಲಿ ಬೆಳಕು ಓರೆಯಾಗಿ ಬಿದ್ದಾಗ, ಮೊದಲು ಕಾಣದಿದ್ದ ಏರಿಳಿತವೂ ಎದ್ದು ಕಾಣುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ತೇವದ್ದು. ಅಡಿಯಲ್ಲಿ ಪಾಲಿಥೀನ್ ಇಲ್ಲದ ಹಳೆಯ ಚಪ್ಪಡಿಯಲ್ಲಿ ಎಪಾಕ್ಸಿ ಗುಳ್ಳೆ ಎದ್ದು ಹಕ್ಕಳೆ ಹಕ್ಕಳೆಯಾಗಿ ಕಿತ್ತು ಬರುವುದು ಮಾಮೂಲು. ತೇವ ತಡೆಯುವ ವಿಶೇಷ ಎಪಾಕ್ಸಿಗಳೂ ಇವೆ, ಅವು ಬೇರೆಯೇ ಸರಕು. ನೆಲವನ್ನು ಯಂತ್ರದಲ್ಲಿ ಒರಟು ಮಾಡಿದ ಮೇಲಷ್ಟೇ ಹಿಡಿಯುತ್ತವೆ. ಪರೀಕ್ಷೆಯಲ್ಲಿ ಒಣ ಎಂದು ತೋರಿದ, ಈಗಾಗಲೇ ಸಮವಾಗಿರುವ ವರ್ಕ್‌ಷಾಪಿನಂಥ ನೆಲಕ್ಕೆ ಎಪಾಕ್ಸಿ ಒಳ್ಳೆಯದೇ. ಮಿಕ್ಕವರು ಆಸೆ ಬಿಡುವುದು ಮೇಲು.

ಗಾರೆಯ ದಪ್ಪ ಪದರ

ತಗ್ಗು 25 ಮಿ.ಮೀ. ದಾಟಿದರೆ ಚೀಲದ ಪುಡಿ ದುಬಾರಿಯಾಗುತ್ತದೆ, ಹಳೆಯ ಪದ್ಧತಿಯ ಸಿಮೆಂಟು ಮರಳಿನ ಗಾರೆಯೇ ಸರಿ. ಹಳೆಯ ನೆಲಕ್ಕೆ ಅಂಟಿಸಿ ಹಾಕುವುದಾದರೆ 25ರಿಂದ 40 ಮಿ.ಮೀ. ದಪ್ಪ: ನೆಲ ಒರಟು ಮಾಡಿ, ತೋಯಿಸಿ, ನಿಂತ ನೀರು ತೆಗೆದು, ಸಿಮೆಂಟ್ ಹಾಲು ಬಳಿದು, ಅದು ಆರುವ ಮೊದಲೇ ಗಾರೆ ಬೀಳಬೇಕು. ಹಾಲು ಒಣಗಿದ ಮೇಲೆ ಹಾಕಿದರೆ ಅಂಟುವುದಿರಲಿ, ಬಿಡಿಸಲು ಅನುಕೂಲ ಮಾಡಿಕೊಟ್ಟಂತೆ. ನಡುವೆ ಪಾಲಿಥೀನ್ ಹಾಸಿ ಬೇರೆಯಾಗಿಯೇ ಹಾಕುವುದಾದರೆ 50 ಮಿ.ಮೀ.ಗೆ ಕಡಿಮೆಯಾಗಬಾರದು. ಹಳೆಯ ನೆಲ ಎಣ್ಣೆ ಕುಡಿದು ಯಾವುದೂ ಅಂಟದಂತಾಗಿದ್ದರೆ, ಇಲ್ಲವೇ ತೇವವನ್ನು ಕೆಳಗೇ ತಡೆಯಬೇಕಿದ್ದರೆ ಈ ಎರಡನೆಯದು ಚೆನ್ನಾಗಿ ಒದಗುತ್ತದೆ.

ವಾಟವನ್ನು ಬೇಕಾದಂತೆ ಎಳೆಯಬಹುದು, ತೇವಕ್ಕೆ ಇದು ಜಗ್ಗುವುದಿಲ್ಲ. ತಾಳ್ಮೆ ಮಾತ್ರ ಬೇಕು. ಒಂದು ವಾರ ಪಾಲಿಥೀನ್ ಹೊದಿಸಿ ಕ್ಯೂರಿಂಗ್, ಆಮೇಲೆ ಒಣಗಲು ಮಿಲಿಮೀಟರಿಗೆ ಸುಮಾರು ಒಂದು ದಿನದ ಲೆಕ್ಕ. 50 ಮಿ.ಮೀ. ಹಾಕಿದರೆ ಮರದ ಹಾಸಿಗೆ ಹೆಚ್ಚುಕಡಿಮೆ ಎರಡು ತಿಂಗಳು ಕಾಯಬೇಕು. ಸೂರಿನ ಎತ್ತರ ಮೊದಲೇ ಕಡಿಮೆಯಿದ್ದರೆ ಎರಡಿಂಚು ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಅಂಚಿನಲ್ಲಿ ಗಾರೆಯನ್ನು ತೆಳುವಾಗಿ ಸವರಿ ಮುಗಿಸಲೂ ಆಗದು, ಅದು ಪುಡಿಯಾಗಿ ಉದುರುತ್ತದೆ.

ಅಡಿಯಲ್ಲಿ ಗಾಳಿಗೆ ಜಾಗ ಬಿಟ್ಟು ಹಾಸುವುದು

ಗುಬ್ಬಿಗುಬ್ಬಿಯಾದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪ್ಲೈವುಡ್. ಇಲ್ಲವೇ ಎರಡೂ ಸೇರಿಸಿ ಮಾಡಿದ ಚೌಕಗಳು. ನೆಲಕ್ಕೆ ಏನನ್ನೂ ಅಂಟಿಸುವುದಿಲ್ಲವಾದ್ದರಿಂದ ಏಳುವ ಪ್ರಶ್ನೆಯೇ ಇಲ್ಲ, ಕಾಲಿಗೂ ಬೆಚ್ಚಗಿರುತ್ತದೆ. ಸ್ವಲ್ಪ ತೇವದ, ಕೂತು ಓದುವ, ಮಕ್ಕಳು ಆಡುವ ಕೋಣೆಗೆ ಇದು ನನಗೆ ಇಷ್ಟ. ಉಬ್ಬುತಗ್ಗನ್ನು ನುಂಗಿಬಿಡುತ್ತದೆ ಎಂಬ ಜಾಹೀರಾತಿನ ಮಾತು ಮಾತ್ರ ಪೂರ್ತಿ ನಿಜವಲ್ಲ. ತಗ್ಗಿನ ಮೇಲೆ ಚೌಕ ತೂಗಾಡಿ, ಹೆಜ್ಜೆಯಿಟ್ಟಾಗಲೆಲ್ಲ ಸದ್ದು ಮಾಡುತ್ತದೆ. ಇದಕ್ಕೂ ಮೊದಲು ಉಜ್ಜಿ, ತೇಪೆ ಹಾಕಬೇಕು. ಮಳೆಗಾಲದಲ್ಲಿ ನೀರೇ ನುಗ್ಗುವ ನೆಲಮಾಳಿಗೆಗೆ ಬೇಡ. ಅಡಿಯಲ್ಲಿ ನಿಂತ ನೀರು ಕಾಣದೆ ಕೊಳೆಯುತ್ತದೆ.

ಒಡೆದು ಹೊಸದಾಗಿ ಹಾಕುವುದು

ಅರ್ಧ ನೆಲ ಟೊಳ್ಳು, ಬಿರುಕಿನ ದಡಗಳು ಮೇಲೆ ಕೆಳಗೆ, ಚಪ್ಪಡಿ ಎರಡೇ ಇಂಚು ಎಂದಾದರೆ ಮೇಲೆ ಸುರಿದದ್ದೆಲ್ಲ ದಂಡ. ಒಡೆಯಿರಿ. ಆಗ ಬೇರೆ ಯಾವ ವಿಧಾನದಲ್ಲೂ ಸಿಗದ ಅನುಕೂಲಗಳು ಸಿಗುತ್ತವೆ: ನಾಲ್ಕಿಂಚು ಜಲ್ಲಿ, ಅದರ ಮೇಲೆ ದಪ್ಪ ಪಾಲಿಥೀನ್, ಬೇಕಿದ್ದರೆ ಉಷ್ಣ ತಡೆಯುವ ಫೋಮ್ ಹಲಗೆ, ಮೇಲೆ ನಾಲ್ಕಿಂಚು ಕಾಂಕ್ರೀಟು. ಚರಂಡಿಯನ್ನು ಬೇಕಾದ ಕಡೆ ತರಬಹುದು. ಮಣ್ಣಿನಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಏಳುವ ಪ್ರದೇಶವಾದರೆ ಅದನ್ನು ಹೊರಗೆ ಒಯ್ಯುವ ಪೈಪನ್ನು ಜಲ್ಲಿಯಲ್ಲೇ ಹೂತಿಡಬಹುದು. ಹೊಸ ನೆಲದಲ್ಲಿ 8ರಿಂದ 12 ಅಡಿಗೊಮ್ಮೆ, ದಪ್ಪದ ಕಾಲುಭಾಗದಷ್ಟು ಆಳಕ್ಕೆ ಗೀರು ಕೊಯ್ಯಿಸಿ. ಬಿರುಕು ಬಿಡುವುದಾದರೆ ಆ ಗೆರೆಯೊಳಗೇ ಬಿಡಲಿ.

ಇಲ್ಲಿ ಅಪಾಯವಿದೆ. ಹೊರಗಿನ ಮಣ್ಣು ನೆಲಮಾಳಿಗೆಯ ಗೋಡೆಯನ್ನು ಒಳಕ್ಕೆ ಒತ್ತುತ್ತಿರುತ್ತದೆ, ಗೋಡೆಯ ಬುಡ ಜಾರದಂತೆ ಹಿಡಿದಿರುವುದು ಈ ಚಪ್ಪಡಿಯೇ. ಒಂದೇ ದಿನ ಪೂರ್ತಿ ಕಿತ್ತು, ಜಲ್ಲಿಗೆ ಜಾಗ ಬೇಕೆಂದು ಪಾಯದ ಅಡಿಗಿಂತ ಆಳಕ್ಕೆ ಅಗೆದರೆ ಗೋಡೆ ಸರಿಯಬಹುದು. ಹಳೆಯ ಮನೆಗಳಲ್ಲಿ ಪಾಯವೇ ಕೈಯಳತೆಯಷ್ಟು ಆಳದಲ್ಲಿರುವುದೂ ಉಂಟು. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳಿದ ಮೇಲೆ, ತುಂಡು ತುಂಡಾಗಿ ಒಡೆದು ತುಂಡು ತುಂಡಾಗಿಯೇ ಹಾಕಬೇಕು.

ಹಾಗಾದರೆ ಯಾರಿಗೆ ಯಾವುದು?

ಸಾಮಾನು ಇಡುವ ಜಾಗವಾದರೆ ಉಜ್ಜಿ, ಗುಂಡಿ ತುಂಬಿ, ಅಲ್ಲಿಗೇ ಬಿಡಿ. ಒಣ ನೆಲ, ಮೇಲೆ ಟೈಲು ಎಂದಾದರೆ ಉಜ್ಜಿದ ಮೇಲೆ ಸೆಲ್ಫ್ ಲೆವೆಲಿಂಗ್. ತೇವವಿದೆ, ಆದರೆ ನೀರು ನಿಲ್ಲುವುದಿಲ್ಲ, ಕೋಣೆ ವಾಸಕ್ಕೆ ಬೇಕು ಎನ್ನುವವರು ಗಾಳಿಯಾಡುವ ಚೌಕಗಳನ್ನೋ, ಎತ್ತರಕ್ಕೆ ಅವಕಾಶವಿದ್ದರೆ ಪಾಲಿಥೀನ್ ಮೇಲಿನ ಗಾರೆಯನ್ನೋ ನೋಡಲಿ. ನೀರು ನಿಲ್ಲುವ ನೆಲಕ್ಕೆ ಈ ಯಾವುದೂ ಇನ್ನೂ ಬೇಡ, ಹೊರಗಿನ ನೀರಿನ ಕೆಲಸ ಮುಗಿಯಲಿ.

ನೆಲದ ಎತ್ತರ ಏರಿಸುವವರು ಮೆಟ್ಟಿಲಿನ ಕೊನೆಯ ಹೆಜ್ಜೆಯನ್ನು ಅಳೆದು ನೋಡಿ. ನೆಲ ಒಂದಿಂಚು ಏರಿದರೆ ಕೊನೆಯ ಮೆಟ್ಟಿಲು ಒಂದಿಂಚು ಗಿಡ್ಡವಾಗುತ್ತದೆ, ಇಳಿಯುವ ಕಾಲು ಪ್ರತಿಸಲವೂ ಅಲ್ಲಿ ತಡವರಿಸುತ್ತದೆ. ಕಟ್ಟಡದ ನಿಯಮಗಳು ಮೆಟ್ಟಿಲುಗಳ ಎತ್ತರದಲ್ಲಿ ಇಂಥ ವ್ಯತ್ಯಾಸಕ್ಕೆ ಮಿತಿ ಹಾಕುವುದೂ ಇದಕ್ಕೇ. ಬಾಯ್ಲರನ್ನೂ ಕೆಲಸಕ್ಕೆ ಮೊದಲೇ ಎತ್ತಿಡಬೇಕು, ಸುತ್ತ ಸುರಿದು ಅದರ ಕಾಲುಗಳನ್ನು ಹೂಳಬಾರದು.

ಗುತ್ತಿಗೆದಾರರಿಂದ ದರಪಟ್ಟಿ ತರಿಸಿಕೊಂಡಾಗ ಮೊತ್ತಕ್ಕಿಂತ ಮೊದಲು ನೆಲದ ತಯಾರಿಗೆ ಏನು ಬರೆದಿದ್ದಾರೆ ನೋಡಿ. ಗ್ರೈಂಡಿಂಗ್, ತೇವದ ಪರೀಕ್ಷೆ, ಪ್ರೈಮರಿನ ಹೆಸರು, ಬಿರುಕಿಗೆ ಏನು ಮಾಡುತ್ತಾರೆ ಎಂಬುದು ಬೇರೆ ಬೇರೆ ಸಾಲಿನಲ್ಲಿದ್ದರೆ ಮಾತು ಮುಂದುವರಿಸಿ. ಆ್ಯಸಿಡ್ ಹಾಕಿ ತೊಳೆದು ಸುರಿಯುತ್ತೇವೆ ಎಂದಷ್ಟೇ ಇದ್ದರೆ ಬೇರೆಯವರನ್ನು ಹುಡುಕಿ: ಆ್ಯಸಿಡ್ಡು ಬಣ್ಣವನ್ನೂ ಎಣ್ಣೆಯನ್ನೂ ತೆಗೆಯುವುದಿಲ್ಲ, ಸರಿಯಾಗಿ ತೊಳೆಯದಿದ್ದರೆ ಉಪ್ಪು ಬಿಟ್ಟು ಹೋಗುತ್ತದೆ, ಮೇಲಾಗಿ ತೇವದ ನೆಲಕ್ಕೆ ಇನ್ನಷ್ಟು ನೀರು ಕುಡಿಸುತ್ತದೆ.